ಸೊಣ್ಣಮ್ಮನ ಈರುಳ್ಳಿ ಲೆಕ್ಕ

ಲಗ್ಗೆರೆಯಲ್ಲಿ ಬೀಗರ ಊಟ ಇಟ್ಟುಕೊಂಡವರು ಮೊದಲು ಕುರಿ ನೋಡಲು ಹೋಗುವುದಿಲ್ಲ, ಸೊಣ್ಣಮ್ಮನ ಮನೆಗೆ ಹೋಗುತ್ತಾರೆ. ಮದುವೆಯಾಗಿ ಎರಡು ದಿನಕ್ಕೆ ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದು ಈ ಕಡೆಯ ಪದ್ಧತಿ. ಮದುವೆಯ ಹೋಳಿಗೆ ಎಷ್ಟೇ ಮೃದುವಾಗಿದ್ದರೂ ಜನ ವರ್ಷಗಟ್ಟಲೆ ಮಾತಾಡುವುದು ಈ ಊಟದ ವಿಷಯವನ್ನೇ. ಮಾಂಸ ಎಷ್ಟು, ರಾಗಿ ಹಿಟ್ಟು ಎಷ್ಟು ಎಂಬುದನ್ನು ಯಾವ ಅಡುಗೆಯವರಾದರೂ ಹೇಳಿಯಾರು. ಆದರೆ ಕುಡಿಯಲು ಎಷ್ಟು ತರಿಸಬೇಕು ಎಂಬುದನ್ನು ಒಂದೆರಡು ಬಾಟಲಿಯೂ ಹೆಚ್ಚುಕಡಿಮೆಯಾಗದಂತೆ ಹೇಳಬಲ್ಲವಳು ಸೊಣ್ಣಮ್ಮ ಒಬ್ಬಳೇ.

ತಮಾಷೆಯೆಂದರೆ ಅರವತ್ತೆರಡು ವರ್ಷದ ಈ ಹೆಂಗಸು ತನ್ನ ಜೀವಮಾನದಲ್ಲಿ ಒಂದು ತೊಟ್ಟು ಮದ್ಯವನ್ನೂ ನಾಲಗೆಗೆ ತಾಗಿಸಿದವಳಲ್ಲ. ಅವಳು ಈ ವಿದ್ಯೆಯನ್ನು ಕಲಿತದ್ದು ಎಂಜಲೆಲೆಯಿಂದ. ಅವಳ ಗಂಡ ಪೀಣ್ಯದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ. ರಜೆಯ ದಿನಗಳಲ್ಲಿ ಊರಿನ ಊಟಗಳ ಕೆಲಸ ಹಿಡಿಯುತ್ತಿದ್ದ. ಅವನ ಜತೆ ಹೋಗಿ ಎಲೆ ಎತ್ತುತ್ತಿದ್ದ ಸೊಣ್ಣಮ್ಮ, ಕುಡಿದು ಬಂದವನ ಎಲೆಯಲ್ಲಿ ಮುದ್ದೆ ಮುರಿಯದೆ ಉಳಿದಿರುವುದನ್ನೂ ಮೂಳೆ ಮಾತ್ರ ತೊಳೆದಿಟ್ಟಂತೆ ಇರುವುದನ್ನೂ ಕಂಡಳು. ಯಾರ ಎಲೆಯಲ್ಲಿ ಏನು ಉಳಿಯಿತೆಂಬುದನ್ನು ನೋಡಿಯೇ ಯಾರು ಎಷ್ಟು ಕುಡಿದರೆಂದು ಹೇಳುವಷ್ಟು ಪಳಗಿದಳು. ಗಂಡ ತೀರಿಕೊಂಡ ಮೇಲೆ ಸೌಟು ಅವಳ ಕೈಗೆ ಬಂತು. ಅದಾಗಿ ಇಪ್ಪತ್ತು ವರ್ಷ ಕಳೆದಿವೆ.

ಅವಳ ಮನೆಯ ಮುಂದೆ ಒಂದು ಗುರುವಾರ ಬೆಳಿಗ್ಗೆ ದೊಡ್ಡಮುನಿಯಪ್ಪ ಬಂದು ನಿಂತ. ಪೀಣ್ಯ ಎರಡನೇ ಹಂತದ ಟೂಲ್ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಅವನು. ಮಗ ಅಂಬರೀಶನ ಮದುವೆ ಭಾನುವಾರ, ಬೀಗರ ಊಟ ಮಂಗಳವಾರ. ನಾನೂರು ಜನದ ಅಡುಗೆಗೆ ಸೊಣ್ಣಮ್ಮನಿಗೆ ಹೇಳಿ ತಿಂಗಳಾಗಿತ್ತು.

"ಸೊಣ್ಣಕ್ಕ, ನಲವತ್ತು ಫುಲ್ ಬಾಟ್ಲು, ಇಪ್ಪತ್ತು ಕೇಸ್ ಬಿಯರ್ ಹೇಳ್ಬಿಡ್ತೀನಿ. ಮಿಕ್ರೆ ಮಿಕ್ಲಿ," ಎಂದ.

ಸೊಣ್ಣಮ್ಮ ಜಗುಲಿಯಲ್ಲಿ ಈರುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಅಷ್ಟು ಎಣ್ಣೆ ಇಟ್ರೆ ಊಟ ಆಗಲ್ಲ ಕಣಪ್ಪ, ಹೊಡೆದಾಟ ಆಯ್ತದೆ. ಕೂತ್ಕೋ. ಯಾರ್ಯಾರು ಬತ್ತಾರೆ ಏಳು."

"ನಿಂಗೊತ್ತಿಲ್ವಾ ನನ್ನ ಕಥೆ? ಕಮ್ಮಿ ಆಗ್ಬಾರ್ದು ಅಷ್ಟೇ."

ಅವನ ಕಥೆ ಲಗ್ಗೆರೆಗೆಲ್ಲ ಗೊತ್ತಿತ್ತು. ಆರು ವರ್ಷದ ಹಿಂದೆ ಹಿರಿಯ ಮಗಳು ಚಂದ್ರಕಲಾಳನ್ನು ಹೆಬ್ಬಗೋಡಿಗೆ ಮದುವೆ ಮಾಡಿಕೊಟ್ಟಾಗ ಮನೆಯಲ್ಲಿಟ್ಟ ಔತಣದಲ್ಲಿ, ಗಂಡಿನ ತಂದೆ ಗಂಗಪ್ಪನವರು ತಮ್ಮ ಜನರೊಂದಿಗೆ ಬಂದು ಕೂರುವ ಹೊತ್ತಿಗೆ ಬಾಟಲಿಗಳು ಬರಿದಾಗಿದ್ದವು. ಗಂಗಪ್ಪನವರು ಉಣ್ಣದೆ ಎದ್ದು ಹೋದವರು ಆಮೇಲೆ ಈ ಮನೆಯ ಹೊಸಿಲು ತುಳಿಯಲಿಲ್ಲ. ಚಂದ್ರಕಲಾ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬರುತ್ತಿದ್ದಳು. ಬೆಳಿಗ್ಗೆ ಬಂದರೆ ಸಂಜೆಯ ಬಸ್ಸಿಗೆ ಹೊರಡಬೇಕು. ತವರಿನಲ್ಲಿ ಒಂದು ರಾತ್ರಿ ಮಲಗಿ ಆರು ವರ್ಷವಾಗಿತ್ತು. ಈಗ ದೊಡ್ಡಮುನಿಯಪ್ಪ ಹತ್ತು ಸಲ ಹೋಗಿ ಕೈಮುಗಿದ ಮೇಲೆ ಗಂಗಪ್ಪನವರು ನಲವತ್ತು ಗಂಡಸರೊಂದಿಗೆ ಬರಲು ಒಪ್ಪಿದ್ದರು. ಇದೂ ಕೆಟ್ಟರೆ ಗೌರಿ ಹಬ್ಬದ ಆ ಒಂದು ಹಗಲೂ ಮಗಳಿಗೆ ಇಲ್ಲ.

"ಆವತ್ತು ಎಣ್ಣೆ ಲೆಕ್ಕ ಆಕಿದ್ದು ಯಾರು?" ಎಂದು ಸೊಣ್ಣಮ್ಮ ಕೇಳಿದಳು.

"ನನ್ನ ಭಾಮೈದ. ನಮ್ಮ ಸೆಕ್ಷನ್ನಿನ ನಲವತ್ತು ಜನಕ್ಕೆ ಸೆಕೆಂಡ್ ಶಿಫ್ಟು, ಎರಡು ಗಂಟೆಗೆ ಡ್ಯೂಟಿಗೆ ಹೋಗ್ಬೇಕು, ಗೇಟಲ್ಲಿ ಬಾಯಿಗೆ ಮಿಷನ್ ಇಟ್ಟು ಊದಿಸ್ತಾರೆ, ಅವರು ಕುಡಿಯಲ್ಲ ಅಂತ ಬಿಟ್ಬಿಟ್ಟ. ಆ ಬಡ್ಡೀಮಕ್ಳು ಬಂದು ಕುಡಿದ್ರು!"

"ಶಿಫ್ಟ್ ನೋಡಿದ್ದು ಯಾವತ್ತು?"

"ಹಿಂದಿನ ವಾರ."

"ಊಟ ಮಂಗಳವಾರ. ಶಿಫ್ಟ್ ತಿರುಗೋದು ಸೋಮವಾರ. ಅವರು ನೈಟಿಗೆ ಬಂದಿರ್ತಾರೆ, ಅಗಲೆಲ್ಲ ಬಿಡುವು, ಕುಡೀದೆ ಏನ್ಮಾಡ್ತಾರೆ? ಫೋರ್‌ಮನ್ ನೀನು, ನಿಂಗೆ ಒಳೀಲಿಲ್ವಾ?"

ದೊಡ್ಡಮುನಿಯಪ್ಪ ಆರು ವರ್ಷದಿಂದ ಆ ನಲವತ್ತು ಜನರನ್ನು ಬೈದಿದ್ದ, ಭಾಮೈದನನ್ನು ಬೈದಿದ್ದ. ಶಿಫ್ಟಿನ ಪಟ್ಟಿಯನ್ನು ತಾನೇ ಬರೆಯುವವನಾಗಿದ್ದೂ ಇದು ಹೊಳೆದಿರಲಿಲ್ಲ.

"ಬರೋ ಮಂಗಳವಾರ ಏನೈತೆ ನಿನ್ನ ಸೆಕ್ಷನ್ನೋರಿಗೆ?"

ಅವನು ಬೆರಳು ಮಡಿಸಿ ಎಣಿಸಿದ. "ಸೋಮವಾರ ತಿರುಗಿದ್ಮೇಲೆ... ಸೆಕೆಂಡ್ ಶಿಫ್ಟೇ. ಉಂಡ್ಕೊಂಡು ನೇರ ಡ್ಯೂಟಿಗೆ ಹೋಗ್ತಾರೆ."

"ಅಂಗಾದ್ರೆ ಅವರು ಊಟಕ್ಕುಂಟು, ಎಣ್ಣೆಗಿಲ್ಲ. ಮುಂದಕ್ಕೇಳು."

ಅವನು ಹೆಸರು ಹೇಳುತ್ತ ಹೋದ. ಅವಳು ಬ್ರಾಂದಿ, ವಿಸ್ಕಿ ಕುಡಿಯುವವರಿಗೆ ಒಂದೊಂದು ಈರುಳ್ಳಿ, ಬಿಯರಿನವರಿಗೆ ಒಂದೊಂದು ಹಸಿಮೆಣಸಿನಕಾಯಿ ಇಡುತ್ತ ಬಂದಳು. ಭಜನೆ ಮಂಡಳಿಯವರು, ಸಕ್ಕರೆ ಕಾಯಿಲೆಯವರು, ಹರಕೆ ಹೊತ್ತವರು ಬಿಟ್ಟುಹೋದರು. ಹತ್ತು ಈರುಳ್ಳಿ ಭಾರಿ ಗಾತ್ರದವು; ಅವು ಎರಡೆರಡು ಕ್ವಾರ್ಟರ್ ಇಳಿಸುವ ಗಟ್ಟಿಗರು. ನಲವತ್ತು ನಡುವಿನವು, ತಲೆಗೊಂದು ಕ್ವಾರ್ಟರ್. ಇಪ್ಪತ್ತು ಸಣ್ಣವು, ಮರ್ಯಾದೆಗೆ ಗ್ಲಾಸು ಹಿಡಿಯುವವರು. ಅವರಿಗೆ ಅರ್ಧ ಸಾಕು. ಮೆಣಸಿನಕಾಯಿ ಐವತ್ತಾದವು. ಅಷ್ಟರಲ್ಲಿ ಒಳಗಿನಿಂದ ಬಂದ ಸೊಸೆ ಮೇಘಾ, ಹೆಬ್ಬಗೋಡಿಯ ಬೀಗರನ್ನೆಲ್ಲ ಮೊರಕ್ಕೆ ಬಾಚಿಕೊಂಡಳು.

"ಅಯ್ಯೋ, ನಮ್ಮ ಬೀಗ್ರು!" ಎಂದು ದೊಡ್ಡಮುನಿಯಪ್ಪ ಎದ್ದೇಬಿಟ್ಟ.

"ಏನು ಅತ್ತೆ, ಪಲ್ಯಕ್ಕೆ ಅಲ್ವಾ ಇವು?"

"ತಗೊಂಡೋಗಿ ಎಚ್ಚು ಮಗಾ. ತಲೇಲೈತೆ ಲೆಕ್ಕ," ಎಂದಳು ಸೊಣ್ಣಮ್ಮ. "ಎಪ್ಪತ್ತು ಕ್ವಾರ್ಟರ್, ಅಂದ್ರೆ ಅದಿನೆಂಟು ಫುಲ್ಲು. ನಿನ್ನ ಎದೆ ಬಡಿತಕ್ಕೆ ಎರಡು ಸೇರಿಸ್ತೀನಿ, ಇಪ್ಪತ್ತು. ಬಿಯರ್ ಒಂಬತ್ತು ಕೇಸು. ಲೈಸೆನ್ಸಿಗೂ ಅಷ್ಟೇ ಬರೆಸು. ಕಮ್ಮಿ ಆದ್ರೆ ನಾಳೆಯಿಂದ ನಾನು ಸೌಟು ಮುಟ್ಟಲ್ಲ."

ಸೊಣ್ಣಮ್ಮ ಇಂಥ ಮಾತನ್ನು ಹಗುರವಾಗಿ ಆಡುವವಳಲ್ಲವೆಂದು ಅವನಿಗೆ ಗೊತ್ತಿತ್ತು. ಅಬಕಾರಿ ಕಚೇರಿಯಿಂದ ಒಂದು ದಿನದ ಪರವಾನಗಿಯನ್ನು ಅವಳು ಹೇಳಿದಷ್ಟಕ್ಕೇ ಬರೆಸಿ ತಂದ.

ಮಂಗಳವಾರ ಹನ್ನೊಂದೂವರೆಗೆ ಸಮುದಾಯ ಭವನದ ಹಿಂದಿನ ಶಾಮಿಯಾನದಲ್ಲಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಚಾಪ್ಸು ಹದಕ್ಕೆ ಬಂದಿತ್ತು. ಸೊಣ್ಣಮ್ಮ ಬೆವರೊರೆಸಿಕೊಳ್ಳಲು ಬಾಗಿಲಿಗೆ ಬಂದು, ಅಲ್ಲಿ ಬಿಟ್ಟಿದ್ದ ಪಾದರಕ್ಷೆಗಳನ್ನು ನೋಡಿ ನಿಂತಳು. ಸೆಕೆಂಡ್ ಶಿಫ್ಟಿನವರು ಬಂದರೆ ಅಲ್ಲಿ ದಪ್ಪ ಮೂತಿಯ ಕಪ್ಪು ಬೂಟುಗಳಿರಬೇಕು. ಊಟ ಮುಗಿಸಿ ನೇರ ಕಾರ್ಖಾನೆಗೆ ಹೋಗುವವರು ಬೂಟು ಹಾಕಿಕೊಂಡೇ ಬರುತ್ತಾರೆ. ಅಲ್ಲಿ ಒಂದು ಬೂಟೂ ಇರಲಿಲ್ಲ. ಬರೀ ಹವಾಯಿ ಚಪ್ಪಲಿ.

ಹೊಂಗೆ ಮರದ ಕೆಳಗೆ ಆ ನಲವತ್ತು ಜನ ಲುಂಗಿ, ಟೀ ಶರ್ಟಿನಲ್ಲಿ ನಗುತ್ತ ಕುಳಿತಿದ್ದರು. ಅವರ ಮುಂದಾಳು ಬಸಲಿಂಗ. ಯಾದಗಿರಿಯ ಕಡೆಯವನು, ಲಗ್ಗೆರೆಯ ಬಾಡಿಗೆ ಕೋಣೆಯಲ್ಲಿ ಐದು ವರ್ಷದಿಂದ ಇರುವವನು.

"ಏನಪ್ಪಾ ಬಸಲಿಂಗ, ಬೂಟೆಲ್ಲಿ?"

"ಬೂಟ್ ಯಾಕ ಬೇಕವ್ವಾ ಇವತ್ತ? ಎರಡನೇ ಹಂತದಾಗ ದಿನಾಪೂರ್ತಿ ಕರೆಂಟಿಲ್ಲ. ಮುಂಜಾನಿ ಮೆಸೇಜ್ ಬಂತು, ಡ್ಯೂಟಿ ರಜಾ. ಇವತ್ತ ನಾವು ನಿಮ್ಮ ಪಾಲಿಗೆ!"

ಸೊಣ್ಣಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೂ ನಲವತ್ತು ಈರುಳ್ಳಿ, ಅಂದರೆ ಹತ್ತು ಫುಲ್ಲು. ಇಟ್ಟದ್ದರಲ್ಲಿ ಅರ್ಧ. ಹೆಬ್ಬಗೋಡಿಯ ಬಸ್ಸು ಬರುವುದು ಹನ್ನೆರಡೂವರೆಗೆ. ಅಷ್ಟರಲ್ಲಿ ಯಾರೋ ಹೇಳಿದರೆಂದು ದೊಡ್ಡಮುನಿಯಪ್ಪ ಓಡಿಬಂದ.

"ಸೊಣ್ಣಕ್ಕ, ಯಾರನ್ನಾದ್ರೂ ಅಂಗಡಿಗೆ ಓಡಿಸ್ಲಾ?"

"ಲೈಸೆನ್ಸಲ್ಲಿ ಬರ್ದಿರೋದು ಇಷ್ಟೇ. ಅದಿರ್ಲಿ, ಗಾಡಿ ಗೇಟು ದಾಟಿದ್ದು ನೋಡಿದ್ರೆ ಸಾಕು, 'ಎಣ್ಣೆ ಮುಗೀತಂತೆ' ಅಂತ ಸುದ್ದಿ ಆಯ್ತದೆ. ಸುದ್ದಿ ಆದ್ರೆ ಒಂದು ಗ್ಲಾಸ್ ಕುಡಿಯೋನು ಮೂರು ಬಚ್ಚಿಟ್ಕತಾನೆ. ನೀನು ಬಾಗಿಲಲ್ಲಿ ನಿಂತು ಬಂದೋರಿಗೆ ಕೈಮುಗಿ. ಇದು ನನ್ನ ಲೆಕ್ಕ, ನಾನು ಸರಿ ಮಾಡ್ತೀನಿ."

ಅವಳು ಸೆರಗು ಸಿಕ್ಕಿಸಿಕೊಂಡು ಹೊಂಗೆ ಮರದ ಕೆಳಗೆ ಹೋದಳು.

"ನೋಡ್ರಪ್ಪ, ಸುತ್ತಿ ಬಳಸಿ ಮಾತಾಡಕ್ಕೆ ನಂಗೆ ಬರಲ್ಲ. ನಿಮ್ಮನ್ನ ನಾನು ಎಣ್ಣೆ ಲೆಕ್ಕಕ್ಕೆ ಇಟ್ಕಂಡಿರ್ಲಿಲ್ಲ."

"ಅಂದ್ರ ನಾವು ಮನುಷ್ಯಾರ ಲೆಕ್ಕದಾಗ ಇಲ್ಲೇನವ್ವಾ?" ಎಂದ ಬಸಲಿಂಗ. ಎಲ್ಲರೂ ನಕ್ಕರು.

"ರಜಾ ಕೊಟ್ಟಾಕಿ ಕರೆಂಟವ್ವ, ಬಾಟ್ಲಿ ಕಸ್ಗೊಂಡಾಕಿ ಸೊಣ್ಣವ್ವ!" ಎಂದು ಹಿಂದಿನಿಂದ ಇನ್ನೊಬ್ಬ ಕೂಗಿದ. ಮತ್ತೂ ನಗು.

ಸೊಣ್ಣಮ್ಮನೂ ನಕ್ಕಳು. ನಗು ತಗ್ಗುವ ತನಕ ಕಾದಳು. "ಇವತ್ತು ಎಬ್ಬಗೋಡಿ ಬೀಗ್ರು ಬತ್ತಾವ್ರೆ. ಅವರಿಗೆ ಕಮ್ಮಿ ಆದ್ರೆ ನಿಮ್ಮ ಫೋರ್‌ಮನ್ ಮಗಳು ಇನ್ನು ತವರಿಗೆ ಬರಂಗಿಲ್ಲ. ಇಷ್ಟೇ ವಿಷಯ. ಕುಡಿಯೋದೂ ಬಿಡೋದೂ ನಿಮಗೆ ಬಿಟ್ಟಿದ್ದು."

ಊರು ಬಿಟ್ಟು ಬಂದು ದುಡಿಯುವ ಆ ಜನಕ್ಕೆ ತವರೆಂಬ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಸಲಿಂಗ ಲುಂಗಿ ಎತ್ತಿ ಕಟ್ಟಿಕೊಂಡು ಎದ್ದ.

"ಸುಮ್ನ ಕುಂತ್ರ ಕೈ ಬಾಟ್ಲಿ ಕಡೆ ಹೋಕ್ಕೈತಿ. ಕೈಯಾಗ ಏನರೆ ಕೊಡವ್ವಾ. ಟ್ರೇ ಎಲ್ಲದಾವ?"

"ಬಾ ಮಗನೆ, ನಾನೂ ಅದನ್ನೇ ಕೇಳಾನ ಅಂತಿದ್ದೆ. ಟ್ರೇ ಇಡಿದವನು ಕುಡಿದಿದ್ದನ್ನ ನಾನೆಲ್ಲೂ ಕಂಡಿಲ್ಲ. ಬೀಗ್ರ ಬಸ್ಸು ಓದ ಮೇಲೆ ಉಳಿದಿದ್ದೆಲ್ಲ ನಿಮ್ದು, ಚಾಪ್ಸ್ ಬೇರೆ ಎತ್ತಿಡ್ತೀನಿ."

"ಉಳಿದ್ರ!"

"ಉಳೀತದೆ. ನನ್ನ ಲೆಕ್ಕ ಅದು."

ಹನ್ನೆರಡೂವರೆಗೆ ಬಸ್ಸು ಬಂತು. ಗಂಗಪ್ಪನವರು ಬಿಳಿ ಪಂಚೆ, ಹೆಗಲ ಮೇಲೆ ಜರಿಯಂಚಿನ ಟವೆಲು, ಬಿಗಿದ ಮುಖದೊಂದಿಗೆ ಇಳಿದರು. ಅವರ ಹಿಂದೆ ಚಂದ್ರಕಲಾ, ಕೈಯಲ್ಲಿ ಸಂಜೆ ಹಿಂತಿರುಗುವವರ ಪುಟ್ಟ ಬ್ಯಾಗು. ಗಂಗಪ್ಪನವರು ಶಾಮಿಯಾನದಲ್ಲಿ ಕೂತು ಉಸಿರು ಬಿಡುವಷ್ಟರಲ್ಲಿ ನಾಲ್ಕು ಕಡೆಯಿಂದ ಟ್ರೇಗಳು ಬಂದವು. ಸೋಡ ಎಂದರೆ ಸೋಡ, ಐಸು ಎಂದರೆ ಐಸು. ಮಂತ್ರಿಯ ಮನೆಯ ಊಟದಲ್ಲೂ ಇಷ್ಟು ಜನ ಬಡಿಸುವವರಿರುವುದಿಲ್ಲ. ಅರ್ಧ ಗ್ಲಾಸು ಮುಗಿಯುವ ಹೊತ್ತಿಗೆ ಗಂಗಪ್ಪನವರ ಹುಬ್ಬು ಸಡಿಲವಾಯಿತು. ಅವರು ಬಸಲಿಂಗನನ್ನು ಕರೆದರು.

"ಏನಪ್ಪಾ, ನೀವು ಕೇಟರಿಂಗ್‌ನೋರಾ?"

"ಇಲ್ರೀ ಯಜಮಾನ್ರ, ಫೋರ್‌ಮನ್ನರ ಕೈಕೆಳಗ ಕೆಲಸ ಮಾಡೋರು."

"ಮತ್ತೆ ನೀವೂ ಒಂದು ಗ್ಲಾಸ್ ತಗೊಳ್ರಪ್ಪ."

ಬಸಲಿಂಗ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. "ಲೆಕ್ಕ ಒಂಚೂರ ತಪ್ಪೇತ್ರೀ. ನಿಮಗ ಕಮ್ಮಿ ಆಗಬಾರ್ದಂತ ನಾವು ಹಿಂದ ಸರದೀವಿ," ಎಂದುಬಿಟ್ಟ.

ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ ದೊಡ್ಡಮುನಿಯಪ್ಪ ನೆಲ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಸೊಣ್ಣಮ್ಮ ಸೌಟು ಹಿಡಿದು ಹಾಗೇ ನಿಂತಳು. ಇದೊಂದನ್ನು ಅವಳು ಎಣಿಸಿರಲಿಲ್ಲ. ಗಂಗಪ್ಪನವರು ಗ್ಲಾಸನ್ನು ಕೆಳಗಿಟ್ಟರು.

"ಬೀಗ್ರೇ," ಎಂದರು, "ಆರು ವರ್ಷದ ಹಿಂದೆ ಈ ಮಾತನ್ನ ಯಾರಾದ್ರೂ ನನ್ನ ಹತ್ರ ಬಂದು ಹೇಳಿದ್ರೆ ನಾನು ಎದ್ದು ಹೋಗ್ತಿದ್ನಾ? ಎಣ್ಣೆ ಕಾಣದೋನಾ ನಾನು? ನೀವ್ಯಾರೂ ಮುಖ ತೋರಿಸ್ಲಿಲ್ಲ. ಒಂದು ಗಂಟೆ ಖಾಲಿ ಗ್ಲಾಸ್ ಮುಂದೆ ಕೂತಿದ್ದೆ."

"ನಾಚಿಕೆ ಆಗಿ ಹಿಂದ್ಗಡೆ ನಿಂತಿದ್ದೆ ಬೀಗ್ರೇ," ಎಂದ ದೊಡ್ಡಮುನಿಯಪ್ಪ.

"ನಾಚಿಕೆ ನಿಮಗೆ, ಅವಮಾನ ನನಗೆ. ಶಿಕ್ಷೆ ಆ ಮಗೂಗೆ." ಗಂಗಪ್ಪನವರು ಹೆಂಗಸರ ಕಡೆ ಒಮ್ಮೆ ನೋಡಿ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಪಕ್ಕದ ಕುರ್ಚಿಯನ್ನು ಎಳೆದು, "ಕೂತ್ಕೊಳ್ಳಿ, ಚಾಪ್ಸ್ ಆರೋಗುತ್ತೆ," ಎಂದರು.

ಸೊಣ್ಣಮ್ಮ ಒಳಗೆ ಹೋಗಿ ಮುದ್ದೆ ತಿರುವಲು ನಿಂತಳು.

ನಾಲ್ಕು ಗಂಟೆಗೆ ಹೆಬ್ಬಗೋಡಿಯ ಬಸ್ಸು ಹೊರಟಿತು. ಗಂಗಪ್ಪನವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಂಟು ದಿನ ಕಳೆದು ಮಗನನ್ನು ಕಳಿಸುತ್ತೇನೆ, ಅಲ್ಲಿಯ ತನಕ ಸೊಸೆ ಇರಲಿ ಎಂದು ಕೂಗಿ ಹೇಳಿದರು. ಚಂದ್ರಕಲಾ ಒಂದೇ ಸೀರೆ ತಂದಿದ್ದೇನಲ್ಲ ಎಂದು ತಾಯಿಯ ಹತ್ತಿರ ನಗುತ್ತ ಅಳುತ್ತ ಹೇಳುತ್ತಿದ್ದಳು. ಮೂರು ಫುಲ್ಲು, ಹದಿನಾಲ್ಕು ಬಿಯರು ಉಳಿದಿದ್ದವು. ಬಸಲಿಂಗ ಅವನ್ನು ಎರಡು ಸಲ ಎಣಿಸಿ, "ಸೊಣ್ಣವ್ವ, ನಲವತ್ತು ಮಂದಿಗೆ ಇದು ತೀರ್ಥ ಆತು!" ಎಂದು ಕೂಗಿದ. ಅವನ ಜತೆಯವರೆಲ್ಲ ಎಲೆ ಹಾಸಿ ಸಾಲಾಗಿ ಕುಳಿತಿದ್ದರು.

ದೊಡ್ಡಮುನಿಯಪ್ಪ ಇನ್ನೂ ರಸ್ತೆಯ ಬದಿಯಲ್ಲೇ, ಮಗಳ ಪುಟ್ಟ ಬ್ಯಾಗನ್ನು ಎದೆಗವಚಿಕೊಂಡು, ಬಸ್ಸು ಹೋದ ದಿಕ್ಕನ್ನು ನೋಡುತ್ತಿದ್ದ.

"ಏ ಮುನಿಯಪ್ಪ," ಎಂದು ಸೊಣ್ಣಮ್ಮ ಬಾಗಿಲಿನಿಂದ ಕರೆದಳು. "ಆ ಬ್ಯಾಗ್ ಒಳಗಿಟ್ಟು ಬಾ. ನಿನ್ನ ಉಡುಗ್ರು ಕೂತವ್ರೆ. ಈಗ ಟ್ರೇ ಇಡಿಯೋದು ನಿನ್ನ ಸರದಿ."