ವಜೀರ್ ಪಾಷಾರ ಟೆಂಪೊ ಕುಲುಕಲಿಲ್ಲ

ದೇವಲಾಪುರದಿಂದ ನಾಗಮಂಗಲಕ್ಕೆ ತೆಂಗಿನಕಾಯಿ ಸಾಗಿಸುವ ವಜೀರ್ ಪಾಷಾ ಟೆಂಪೊ ಓಡಿಸಿದರೆ ಕೋಳಿಗಳು ಬೇಲಿ ಹಾರುತ್ತವೆ. ಗುಂಡಿ ಕಂಡರೆ ಬ್ರೇಕು ಒತ್ತುವುದು ಅವರ ಜಾಯಮಾನದಲ್ಲೇ ಇಲ್ಲ. ಅವರ ಮಗಳು ಮೆಹನಾಜ್ ನಮ್ಮ ಕಾಲೇಜಿನಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ. ಅಳತೆಯ ಲ್ಯಾಬಿನ ಮೇಷ್ಟ್ರು ನಾನು. ಡ್ರೈವರ್ ಸೀಟಿಗೆ ಎಷ್ಟು ಕುಲುಕು ತಟ್ಟುತ್ತದೆಂದು ಅಳೆಯುವುದು ಅವಳ ಪ್ರಾಜೆಕ್ಟು. ಅಪ್ಪನ ಟೆಂಪೊಗಿಂತ ಒಳ್ಳೆಯ ಗಾಡಿ ಎಲ್ಲಿ ಸಿಕ್ಕೀತು!

ಸೀಟಿನಡಿ ಸೆನ್ಸರ್ ಬಿಗಿದು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಪಕ್ಕ ಕೂತು ಹೋಗಿಬಂದಳು. ಗ್ರಾಫ್ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಗೆರೆ ನಿದ್ದೆ ಹೊಡೆಯುತ್ತಿತ್ತು.

"ಇದು ನಮ್ಮ ರಸ್ತೆಯೇನಮ್ಮ? ಸೋಮವಾರ ಪರೀಕ್ಷಕರು ಬರ್ತಾರೆ. ಇದನ್ನ ತೋರಿಸಿದ್ರೆ ಫೇಲು" ಎಂದು ರೇಗಿದೆ.

ಪಾಪ, ಕಣ್ಣು ಒರೆಸಿಕೊಂಡು ಸೆನ್ಸರನ್ನು ಮತ್ತೆ ಪರೀಕ್ಷಿಸಿದಳು. ಮೇಜಿನ ಮೇಲೆ ಬೆರಳಿನಿಂದ ತಟ್ಟಿದರೂ ಗೆರೆ ಎದ್ದು ಕುಣಿಯುತ್ತಿತ್ತು. ಸೆನ್ಸರ್ ಸರಿಯಾಗೇ ಇತ್ತು.

ಗೇಟಿನಲ್ಲಿ ಕಾಯುತ್ತಿದ್ದ ಪಾಷಾರನ್ನು ಕರೆಸಿ, ಹೇಗೆ ಓಡಿಸಿದಿರಿ ಎಂದೆ.

"ಮೆಲ್ಲುಕ್ ಓಡುಸ್ದೆ ಸಾರ್. ಮಗ್ಳು ಕುಂತಾಗ ನಾನು ಯಾವತ್ತೂ ಅಂಗೇಯ. ಕುಲುಕು ಕಮ್ಮಿ ಬಂದ್ರೆ ಮಾರ್ಕ್ಸು ಜಾಸ್ತಿ ಕೊಡ್ತೀರ ಅಂದ್ಕಂಡೆ. ಅಲ್ಲಾ ಕಸಂ, ಒಂದು ಕಾಯೂ ಅಳ್ಳಾಡ್ಲಿಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಅಳೆಯಲು ಕೂತವಳಿಂದಲೇ ಅಳತೆ ಕೆಟ್ಟಿತ್ತು. ಮಾರನೆಯ ದಿನ ರೀಡಿಂಗನ್ನು ತಾನೇ ತುಂಬಿಟ್ಟುಕೊಳ್ಳುವ ಡಬ್ಬಿಯೊಂದನ್ನು ಸೀಟಿನಡಿ ಕಟ್ಟಿ, ಮೆಹನಾಜ್ ದೇವಲಾಪುರದಲ್ಲಿ ಕೆಳಗಿಳಿದಳು.

"ಅಬ್ಬಾ, ನಾನಿಲ್ದಾಗ ಎಂಗ್ ಓಡುಸ್ತೀರೋ ಅಂಗೇ ಓಡ್ಸಿ" ಎಂದು ಅಪ್ಪನಿಗೆ ಹೇಳಿದಳು. ಟೆಂಪೊ ಧೂಳೆಬ್ಬಿಸಿಕೊಂಡು ಹೋಯಿತು.

ಸಂಜೆ ಲ್ಯಾಬಿನಲ್ಲಿ ಗ್ರಾಫ್ ತೆರೆದಾಗ ಗೆರೆ ಪರದೆಯ ಮೇಲಂಚಿಗೆ ಬಡಿದು ಬಡಿದು ಬೀಳುತ್ತಿತ್ತು.

"ಭೇಷ್! ಪಾಸಾದೆ ಹೋಗು" ಎಂದೆ.

ಅವಳು ನಗಲಿಲ್ಲ. ಒಂದೊಂದು ಏಟಿನ ಮೇಲೂ ಬೆರಳಿಟ್ಟು ನೋಡುತ್ತಿದ್ದಳು.

"ಇಷ್ಟೂ ಅಬ್ಬಾನ ಸೊಂಟಕ್ಕೆ ಬಿದ್ದಿದ್ದಲ್ವಾ ಸಾರ್, ದಿನಾ?"

ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಆ ಗೆರೆಯಲ್ಲಿ ಬರೀ ಗೆರೆಯನ್ನೇ ನೋಡಿದ್ದೆ. ಬಾಗಿಲಲ್ಲಿ ನಿಂತಿದ್ದ ಪಾಷಾ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದರು.

"ಚೆನ್ನಾಗ್ ಬಂತಾ ಬೇಟಿ? ಸಾಲ್ದು ಅಂದ್ರೆ ಇನ್ನೊಂದ್ ಸಲ ಓಗ್ಬತ್ತೀನಿ."

"ಬ್ಯಾಡ ಅಬ್ಬಾ, ಸಾಕು" ಎಂದವಳೇ, ನನ್ನನ್ನು ಒಂದು ಮಾತೂ ಕೇಳದೆ, ಅಪ್ಪನ ಕೈ ಹಿಡಿದು ತಂದು ನನ್ನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದಳು.