ಅಜ್ಜನ ಹೋಟೆಲಿನ ಗೋಧಿ

ಮಕ್ಕಳು ಕಂಪ್ಯೂಟರಿನಲ್ಲಿ ಆಡುವ ಆಟದ ಸರ್ವರ್‌ಗೆ ನಾನು ಅಡ್ಮಿನ್ ಆಗಬೇಕೆಂದು ಹರಕೆ ಹೊತ್ತವಳಲ್ಲ. ಮಗ ಶುರು ಮಾಡಿದ, ಅಷ್ಟರಲ್ಲಿ ಹತ್ತನೇ ಕ್ಲಾಸು ಬಂತು, "ಅಮ್ಮಾ, ನೀ ಪಾತ್ತುಕೋ" ಎಂದು ಪಾಸ್‌ವರ್ಡನ್ನು ನನ್ನ ಕೈಗೆ ಹಾಕಿ ಪುಸ್ತಕ ಹಿಡಿದು ಕೂತ. ನೋಡಿಕೊಳ್ಳುವ ಕೆಲಸ ಯಾವುದಿದ್ದರೂ ಈ ಮನೆಯಲ್ಲಿ ಕೊನೆಗೆ ನನ್ನ ತಲೆಗೇ ತಾನೇ ಬರುವುದು!

ಅದೊಂದು ಚೌಕ ಚೌಕ ಮಣ್ಣಿನ ಲೋಕ. ಅಗೆಯುವುದು, ಬೆಳೆಯುವುದು, ಮನೆ ಕಟ್ಟುವುದು, ಸಂಪಾದಿಸಿದ್ದನ್ನು ಮರದ ಪೆಟ್ಟಿಗೆಯಲ್ಲಿ ತುಂಬಿಡುವುದು. ಆಡುವವರೆಲ್ಲ ನಮ್ಮವರೇ. ನನ್ನ ಮಗ, ಮುಂಬೈಯಲ್ಲಿರುವ ತಮ್ಮನ ಇಬ್ಬರು ಗಂಡುಮಕ್ಕಳು, ಕೊಯಮತ್ತೂರಿನ ತಂಗಿಯ ಮಗಳು, ಜೊತೆಗೆ ಚೆನ್ನೈಯ ನಮ್ಮ ವೇಲಚೇರಿ ಫ್ಲಾಟಿನ ಒಂದಿಷ್ಟು ಪಿಳ್ಳೆಗಳು. ಆಟ ಓಡುವ ಯಂತ್ರ ಎಲ್ಲೋ ಬಾಡಿಗೆಗೆ ಹಿಡಿದದ್ದು, ನಾನು ಕಣ್ಣಲ್ಲಿ ಕಂಡದ್ದಿಲ್ಲ. ಆಫೀಸಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡೇ ಫೋನಿನಿಂದ ಅದನ್ನು ನಿಲ್ಲಿಸುತ್ತಿದ್ದೆ, ಎಬ್ಬಿಸುತ್ತಿದ್ದೆ, ಜಗಳ ಬಿಡಿಸುತ್ತಿದ್ದೆ. ಒಂದೇ ಒಂದು ನಿಯಮ ಮಾಡಿದ್ದೆ, ಅದೂ ದೊಡ್ಡ ಜಂಬದಿಂದ: ಇನ್ನೊಬ್ಬರ ಪೆಟ್ಟಿಗೆಗೆ ಕೈ ಹಾಕಿದವರು ಹೊರಗೆ.

ಅಪ್ಪನನ್ನು ಆಟಕ್ಕೆ ಸೇರಿಸಿದವಳೂ ನಾನೇ. ಅಪ್ಪ ಉಡುಪಿ ಕಡೆಯಿಂದ ಹುಡುಗನಾಗಿದ್ದಾಗ ಮದ್ರಾಸಿಗೆ ಬಂದು, ಲೋಟ ತೊಳೆಯುವುದರಿಂದ ಹಿಡಿದು ಗಲ್ಲಾದವರೆಗೆ ಒಂದೇ ಸಸ್ಯಾಹಾರಿ ಹೋಟೆಲಿನಲ್ಲಿ ಜೀವ ತೇದವರು. ಹೋಟೆಲು ಮುಚ್ಚಿತು, ಮೊಣಕಾಲಿನ ಆಪರೇಷನ್ ಆಯಿತು, ನಮ್ಮ ಮನೆಗೆ ಬಂದರು. ಬಂದು ಬಾಲ್ಕನಿಯಲ್ಲಿ ಕೂತು ಕೆಳಗಿನ ಟೀ ಅಂಗಡಿಗೆ ಎಷ್ಟು ಗಿರಾಕಿ ಬಂದರು ಎಂದು ನೋಡುತ್ತಿದ್ದರು. ಮಾತಿಲ್ಲ ಕತೆಯಿಲ್ಲ. ನೋಡಲಾಗದೆ ಮಗನ ಹಳೆಯ ಲ್ಯಾಪ್‌ಟಾಪ್ ಅವರ ಮುಂದಿಟ್ಟೆ.

ಹದಿನೈದು ದಿನ ಆಗಿರಲಿಲ್ಲ, ಅಪ್ಪ ಆ ಲೋಕದಲ್ಲಿ ಹೋಟೆಲು ಇಟ್ಟೇಬಿಟ್ಟರು! ಮೇಜು, ಕುರ್ಚಿ, ಬಾಗಿಲ ಪಕ್ಕ ಗಲ್ಲಾ, ಹೊರಗೊಂದು ಬೋರ್ಡು. ಆಟದ ಬ್ರೆಡ್ಡಿಗೆ ಬನ್ಸ್ ಎಂದು ಹೆಸರಿಟ್ಟರು. ಕುಂಬಳಕಾಯಿಯದೊಂದು ಸಿಹಿ ಮಾಡಬಹುದಿತ್ತು, ಅದಕ್ಕೆ ಮೊಟ್ಟೆ ಬೇಕೆಂದು ಗೊತ್ತಾದದ್ದೇ, "ಛೆ ಛೆ, ನಮ್ಮಲ್ಲಿ ಅದೆಲ್ಲ ಆಗೂದಿಲ್ಲ" ಎಂದು ಮೆನುವಿನಿಂದಲೇ ಕಿತ್ತರು. ಎಲ್ಲ ಪುಕ್ಕಟೆ. ಮಕ್ಕಳು ಗಣಿಗೆ ಹೋಗುವ ಮೊದಲು ಸಾಲುಗಟ್ಟಿ ಬರುತ್ತಿದ್ದರು. "ಅಜ್ಜಾ, ಎನಕ್ಕು ನಾಲು ಬನ್ಸ್" ಎಂದು ಕೊಯಮತ್ತೂರಿನ ಪುಟ್ಟಿ ಮೈಕಿನಲ್ಲಿ ಕೂಗಿದರೆ ಅಪ್ಪ ಒಳಕೋಣೆಯಿಂದಲೇ, "ಬಂತು ಬಂತು, ಕೂತ್ಕೊಳ್ಳಿ" ಎನ್ನುತ್ತಿದ್ದರು. ಆ ದನಿ ನಾನು ಚಿಕ್ಕವಳಿದ್ದಾಗ ಕೇಳಿದ್ದು. ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡದ್ದುಂಟು, ಸುಳ್ಳು ಯಾಕೆ ಹೇಳಲಿ.

ಆದರೆ ಬನ್ಸಿಗೆ ಗೋಧಿ ಬೇಕಲ್ಲ. ಗದ್ದೆಗೆ ಹೋದರೆ ಅಪ್ಪನಿಗೆ ದಾರಿ ತಪ್ಪುತ್ತಿತ್ತು. ಕತ್ತಲಾದೊಡನೆ ಆಟದ ಭೂತಪ್ರೇತಗಳು ಬಂದು ಹೊಡೆದು ಹಾಕುತ್ತಿದ್ದವು, ಅವರ ಬೆರಳಿಗೆ ಓಡುವ ಚುರುಕಿಲ್ಲ. ಹೋಟೆಲಿನಲ್ಲಿ ತಿಂಡಿ ಇಲ್ಲದ ದಿನ ಮಕ್ಕಳು ಬಾಗಿಲಲ್ಲೇ ಇಣುಕಿ ಓಡಿಬಿಡುತ್ತಿದ್ದರು. ಮಕ್ಕಳೆಂದರೆ ಹಾಗೇ ಅಲ್ಲವೇ.

ಆಮೇಲೆ ದೂರು ಶುರುವಾಯಿತು. ಪೆಟ್ಟಿಗೆಯಲ್ಲಿಟ್ಟ ಗೋಧಿ ಸಂಜೆಗೆ ಇಲ್ಲ ಎಂದು ಮುಂಬೈಯ ದೊಡ್ಡವನು. ನಮ್ಮದೂ ಇಲ್ಲ ಎಂದು ಫ್ಲಾಟಿನ ಮಕ್ಕಳು. ಅಡ್ಮಿನ್ನಿಗೆ ಯಾರ ಕಣ್ಣಿಗೂ ಬೀಳದೆ ಒಳಗೆ ಓಡಾಡುವ ಸೌಲಭ್ಯ ಉಂಟು. ಒಂದು ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು, ಕಳ್ಳ ಸಿಕ್ಕಿದರೆ ಗ್ರಹಚಾರ ಬಿಡಿಸುತ್ತೇನೆಂದು ಅದೃಶ್ಯಳಾಗಿ ಒಳಹೊಕ್ಕೆ.

ಮಕ್ಕಳೆಲ್ಲ ಶಾಲೆಯಲ್ಲಿದ್ದ ಹೊತ್ತು. ಇಡೀ ಲೋಕದಲ್ಲಿ ಇದ್ದದ್ದು ಒಬ್ಬರೇ. ಅಪ್ಪ. ಮುಂಬೈ ಹುಡುಗರ ಉಗ್ರಾಣದ ಬಾಗಿಲಲ್ಲಿ ನಿಂತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಲೆ ತಿರುಗಿಸಿ ನೋಡಿದರು. ನಾನು ಎದುರಿಗೇ ಇದ್ದೆ. ಆಮೇಲೆ ಒಳಗೆ ಹೋಗಿ ಪೆಟ್ಟಿಗೆ ತೆರೆದು ಗೋಧಿ ತೆಗೆದುಕೊಂಡು ಹೊರಟುಹೋದರು.

ಮೊಸರನ್ನದ ಡಬ್ಬಿ ಮುಚ್ಚಿಟ್ಟೆ. ಹೋಟೆಲಿನಿಂದ ಒಂದು ಚಮಚ ಸಕ್ಕರೆಯನ್ನೂ ಮನೆಗೆ ತಂದವರಲ್ಲ ನನ್ನಪ್ಪ. ಅವರು ಕದ್ದದ್ದನ್ನು ನೋಡಿದೆನಲ್ಲಾ ಎಂದು ನನಗೇ ನಾಚಿಕೆಯಾಯಿತು. ಆ ಸಂಜೆ ಮನೆಗೆ ಬಂದಾಗ "ಚಾ ಉಂಟು, ಬಿಸಿ ಮಾಡ್ಲಾ?" ಎಂದರು. ಹ್ಞೂಂ ಎಂದೆ. ಕೇಳಬೇಕಿತ್ತು, ಬಾಯಿ ಬರಲಿಲ್ಲ. ಮಕ್ಕಳಿಗೆ ಗೊತ್ತಾದರೆ ಅವರ ಹೋಟೆಲಿಗೆ ಯಾರು ಹೋಗುತ್ತಾರೆ? ಮತ್ತೆ ಬಾಲ್ಕನಿಯ ಕುರ್ಚಿಯೇ ಗತಿ. ಇರಲಿ, ಗೋಧಿ ತಾನೇ, ನಿಜದ್ದೂ ಅಲ್ಲ ಎಂದು ಸುಮ್ಮನಾದೆ.

ಭಾನುವಾರ ಎಲ್ಲರೂ ವಿಡಿಯೋ ಕಾಲಿನಲ್ಲಿ ಸೇರುವುದು ರೂಢಿ. ಆ ಭಾನುವಾರ ಮುಂಬೈಯ ದೊಡ್ಡವನು ಒಂದು ಚಿತ್ರ ತೋರಿಸಿದ. ಅವನ ಉಗ್ರಾಣ, ತೆರೆದ ಪೆಟ್ಟಿಗೆ, ಅದರ ಮುಂದೆ ಆಟದಲ್ಲಿ ಕೊಯಮತ್ತೂರಿನ ಪುಟ್ಟಿಯಾಗಿ ಓಡಾಡುವ ಗೊಂಬೆ. "ಸಿಕ್ಕಿಬಿದ್ದಳು!" ನನ್ನ ಮಗನೂ ಸೇರಿ ಎಲ್ಲರೂ "ತಿರುಡಿ, ತಿರುಡಿ" ಎಂದು ಅರಚಿದರು, ಕಳ್ಳಿ, ಕಳ್ಳಿ ಎಂದು. ತಂಗಿ ಕ್ಯಾಮರಾದ ಎದುರಲ್ಲೇ ಆ ಹನ್ನೊಂದು ವರ್ಷದ ಮಗುವಿನ ಕಿವಿ ಹಿಂಡಿ, "ಯಾಕೆ ತೆಗೆದೆ? ಬಾಯಿ ಬಿಡು" ಎಂದು ಕೇಳಿದಳು. ಪುಟ್ಟಿ ತಲೆ ತಗ್ಗಿಸಿ ನಿಂತಳು.

ಅಪ್ಪ ಸೋಫಾದಲ್ಲಿ ನನ್ನ ಪಕ್ಕದಲ್ಲೇ ಇದ್ದರು. "ಮಕ್ಕಳಾಟ ಅಲ್ವಾ, ಬಿಡಿ" ಎಂದರು ಮೆಲ್ಲಗೆ. ಅಷ್ಟೇ ಅಂದರು.

"ಹಾಗೆ ಬಿಟ್ಟರೆ ಹೇಗೆ?" ಎಂದ ತಮ್ಮ. "ಅಕ್ಕ, ನಿಯಮ ಮಾಡಿದ್ದು ನೀನೇ. ನಮ್ಮ ಮಕ್ಕಳಿಗೊಂದು, ಅವಳಿಗೊಂದಾ?"

ಪರದೆಯ ಎಲ್ಲ ಚೌಕಗಳಿಂದಲೂ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಅಪ್ಪ ಪಂಚೆಯ ಅಂಚನ್ನು ಮಡಿಸುತ್ತಿದ್ದರು, ಬಿಡಿಸುತ್ತಿದ್ದರು. ಇವಳೂ ಒಂದಿಷ್ಟು ತೆಗೆದಿರಬಹುದಲ್ಲ, ಚಿತ್ರ ಉಂಟಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾನೀಗ ಮಾಡಹೊರಟದ್ದನ್ನು ಪಕ್ಕದ ಮನೆಯವಳು ಮಾಡಿದ್ದರೆ ಅವಳ ಮುಖಕ್ಕೆ ಉಗಿಯುತ್ತಿದ್ದೆ. ಫೋನ್ ತೆಗೆದು ಪುಟ್ಟಿಯ ಹೆಸರನ್ನು ಒತ್ತಿ ಬ್ಯಾನ್ ಮಾಡಿದೆ. "ಒಂದು ತಿಂಗಳು ಮಾತ್ರ, ಚಿನ್ನಾ" ಎಂದೆ. ಆ ಚಿನ್ನಾ ಎಂಬ ಮಾತು ನೆನಪಾದರೆ ಈಗಲೂ ನನ್ನ ನಾಲಗೆಯನ್ನು ನಾನೇ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಅವಳು ಹೋದ ಮೇಲೆ ದೂರು ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಹೆಚ್ಚಾಯಿತು. ಪೆಟ್ಟಿಗೆಗಳು ಬರಿದೋ ಬರಿದು. "ಬೇರೆ ಹೆಸರಿನಲ್ಲಿ ಬರ್ತಿದ್ದಾಳೆ, ಫ್ರಾಡ್" ಎಂದು ಮುಂಬೈಯ ಚಿಕ್ಕವನು ಆಟದ ಚಾಟಿನಲ್ಲಿ ಬರೆದ. ಅದನ್ನು ಅಳಿಸುವ ಅಧಿಕಾರವೂ ನನಗಿತ್ತು. ಓದಿದೆ, ಬಿಟ್ಟೆ.

ಆ ವಾರವೇ ಒಂದು ಸಂಜೆ ಪುಟ್ಟಿ ಫೋನ್ ಮಾಡಿದಳು. ನಾನು ಊಟದ ಮೇಜಿನಲ್ಲಿ ಅಲಸಂಡೆ ಮುರಿಯುತ್ತಿದ್ದೆ, ಎದುರಿಗೆ ಅಪ್ಪ ಪೇಪರ್ ಹಿಡಿದು ಕೂತಿದ್ದರು. ಕೈ ಒದ್ದೆಯಿತ್ತೆಂದು ಸ್ಪೀಕರ್ ಹಾಕಿದೆ.

"ದೊಡ್ಡಮ್ಮಾ, ಒರು ಹೆಲ್ಪ್. ಯಾರಿಗೂ ಹೇಳ್ಬಾರ್ದು."

"ಎಂತ ಮಗಾ?"

"ನೀವು ಅಡ್ಮಿನ್ ಅಲ್ವಾ. ನಿಮಗೆ ಗೋಧಿ ಸುಮ್ನೆ ಬರುತ್ತೆ ಅಲ್ವಾ. ಬಾವಂದಿರ ಪೆಟ್ಟಿಗೇಲಿ ದಿನಾ ಸ್ವಲ್ಪ ಹಾಕಿಡಿ, ಪ್ಲೀಸ್. ನಾನು ಇದ್ದಾಗ ನನ್ನ ಗದ್ದೆಯಿಂದ ತಂದು ಹಾಕ್ತಿದ್ದೆ. ಈಗ ಯಾರು ಹಾಕ್ತಾರೆ? ಅಜ್ಜ ತಗೊಳ್ಳೋದು ಅವರಿಗೆ ತೆರಿಞ್ಜಾ, ಗೊತ್ತಾದ್ರೆ, ಅಜ್ಜನ ಹೋಟೆಲಿಗೆ ಯಾರೂ ಬರಲ್ಲ."

ಅಯ್ಯೋ ದೇವರೇ. ಆ ಚಿತ್ರದಲ್ಲಿದ್ದದ್ದು ತುಂಬಲು ತೆರೆದ ಪೆಟ್ಟಿಗೆ. ಅವಳಿಗೆ ಎಲ್ಲ ಗೊತ್ತಿತ್ತು. ಎಲ್ಲರೂ ಕಳ್ಳಿ ಎಂದಾಗ, ಅಮ್ಮನೇ ಕಿವಿ ಹಿಂಡಿದಾಗ ಆ ಮಗು ಯಾರಿಗಾಗಿ ಬಾಯಿ ಮುಚ್ಚಿಕೊಂಡಿತ್ತೋ, ಅವರಿಗಾಗಿಯೇ ನಾನೂ ಬಾಯಿ ಮುಚ್ಚಿದ್ದೆ. ಆದರೆ ಅವಳು ಏಟಿಗೆ ತನ್ನ ಬೆನ್ನು ಕೊಟ್ಟಿದ್ದಳು, ನಾನು ಅವಳ ಬೆನ್ನನ್ನು ಕೊಟ್ಟಿದ್ದೆ. "ಆಯ್ತು" ಎಂದಷ್ಟೇ ಹೇಳಿ ಫೋನಿಟ್ಟೆ. ತಲೆಯೆತ್ತಿ ನೋಡುವ ಧೈರ್ಯ ಬರಲಿಲ್ಲ.

ಅಪ್ಪ ಪೇಪರ್ ಮಡಿಸಿಟ್ಟು, ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನ ಕೀಲಿಗಳ ಸದ್ದು ಒಂದೊಂದೇ ಕೇಳಿತು. ಬಾಗಿಲಲ್ಲಿ ಹೋಗಿ ನಿಂತೆ. ಮಕ್ಕಳೆಲ್ಲ ಇರುವ ಹೊತ್ತು. ಎಲ್ಲರಿಗೂ ಕಾಣುವ ಜಾಗದಲ್ಲಿ ಅಪ್ಪ ಒಂದೇ ಬೆರಳಿನಲ್ಲಿ ಬರೆದಿದ್ದರು: "ಪುಟ್ಟಿ ಕದ್ದದ್ದಲ್ಲ. ಕದ್ದದ್ದು ನಾನು, ಅಜ್ಜ."

ಪಟಪಟನೆ ನಗುವ ಮುಖಗಳು ಬಂದವು. "ಅಜ್ಜ ಸೂಪರ್!" "ಮೊಮ್ಮಗಳನ್ನು ಬಚಾವ್ ಮಾಡ್ತಿದ್ದಾರೆ." "ಅಜ್ಜಾ, ಎರಡು ಬನ್ಸ್ ಕೊಡಿ." ಅಪ್ಪ ಮತ್ತೆ ಬರೆದರು, "ನಿಜ." ಇನ್ನಷ್ಟು ನಗು.

ಅಪ್ಪ ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. ಕಣ್ಣು ಕೆಂಪಾಗಿತ್ತು.

"ನಾನು ಹೇಳಿದ್ರೆ ನಂಬೂದಿಲ್ಲ ಇವು. ನೀನು ಹೇಳು. ನೀನು ನೋಡಿದ್ದಿ ಅಲ್ವಾ?"

"ನಿಮಗೆ ಹೇಗೆ..."

"ಎಷ್ಟು ದಿನ ಆಯ್ತು ನೀನು ನನ್ನ ಮುಖ ನೋಡಿ ಚಾ ಕುಡಿಯದೆ. ನಂಗೆ ಗೊತ್ತಾಗೂದಿಲ್ವಾ? ನೀನು ಹೇಳೂದಿಲ್ಲ ಅಂತ ಧೈರ್ಯದಲ್ಲಿ ನಾನೂ ಸುಮ್ನೆ ಕೂತೆ. ಹೇಳು ಮಾರಾಯ್ತಿ, ಸಾಕು."

ಫೋನ್ ತೆಗೆದೆ. ಮೊದಲು ಪುಟ್ಟಿಯ ಬ್ಯಾನ್ ತೆಗೆದೆ. ಆಮೇಲೆ ಅಡ್ಮಿನ್ನಿನ ಹೆಸರಲ್ಲೇ ಬರೆದೆ: "ಅಜ್ಜ ಹೇಳಿದ್ದು ನಿಜ. ನಾನೇ ಕಣ್ಣಾರೆ ನೋಡಿದ್ದೇನೆ. ಪುಟ್ಟಿ ತನ್ನ ಗೋಧಿಯನ್ನು ನಿಮ್ಮ ಪೆಟ್ಟಿಗೆಗೆ ತುಂಬುತ್ತಿದ್ದಳು."

ನಗುವ ಮುಖಗಳು ನಿಂತವು. ಹೊರಗಿನ ಕೋಣೆಯಲ್ಲಿ ಓದುತ್ತಿದ್ದ ಮಗ ಎದ್ದು ಬಂದು ನನ್ನ ಹಿಂದೆ ನಿಂತ. ಮುಂಬೈಯ ದೊಡ್ಡವನು ಏನೋ ಬರೆಯುತ್ತಿದ್ದ, ಅಳಿಸುತ್ತಿದ್ದ. ಅಜ್ಜನಿಗೆ ಏನಂದುಬಿಡುತ್ತಾನೋ ಎಂದು ಹೆದರಿದೆ. ಅವನು ಅಜ್ಜನಿಗೆ ಏನೂ ಅನ್ನಲಿಲ್ಲ.

"ಅತ್ತೆ, ನೀವು ನೋಡಿದ್ದು ಯಾವಾಗ?" ಎಂದು ಬಂತು. "ಅವಳನ್ನು ಬ್ಯಾನ್ ಮಾಡಿದ ಮೇಲಾ, ಮೊದಲಾ?"

ಹಿಂದೆ ನಿಂತ ಮಗನ ಉಸಿರು ಕೇಳುತ್ತಿತ್ತು. ಪರದೆಯ ಮೂಲೆಯಲ್ಲಿ ಪುಟ್ಟಿ ಒಳಗೆ ಬಂದಳೆಂದು ಅವಳ ಹೆಸರು ಮೂಡಿತು. ಅವಳೂ ಓದುತ್ತಾಳೆ.

"ಮೊದಲು" ಎಂದು ಬರೆದೆ.