ಬಾಡಿಗೆ ಮನೆಯ ಅಂಬಿಗ

ನನ್ನ ಗಂಡನಿಗೆ ಕ್ಯಾನ್ಸರ್ ಚಿಕಿತ್ಸೆ ಶುರುವಾದಾಗ ನಾವು ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಮನೆ ಬಿಟ್ಟು, ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ಆಸ್ಪತ್ರೆಗೆ ಹತ್ತಿರವಾಗಿ ಒಂದು ಫ್ಲ್ಯಾಟ್ ಹಿಡಿದೆವು. ಸಾಮಾನು ಸಮೇತ ಬಾಡಿಗೆ. ಗೋಡೆ ಮೇಲಿನ ಚಿತ್ರಗಳನ್ನು ಮಾತ್ರ ಮುಟ್ಟಬೇಡಿ ಅಂದಿದ್ದಳು ಓನರ್ ಮುದುಕಿ. ಹಾಲ್‌ನಲ್ಲೊಂದು ಹಳೇ ಕಪ್ಪು ಚಿತ್ರ: ಮಂಜು ಮುಸುಕಿದ ಹೊಳೆ, ಹುಟ್ಟು ಹಿಡಿದು ನಿಂತ ಗಡ್ಡದ ಅಂಬಿಗ, ದೋಣಿಯಲ್ಲಿ ತಲೆ ತಗ್ಗಿಸಿ ಕೂತ ಒಂದಿಷ್ಟು ಜನ. ಅದನ್ನೆಲ್ಲ ನೋಡೋ ಪುರುಸೊತ್ತು ನನಗೆಲ್ಲಿತ್ತು?

ನೋಡಿದ್ದು ಅತ್ತೆ. ಮೈಸೂರಿಂದ ಬಂದಿಳಿದ ಮಾರನೇ ಬೆಳಿಗ್ಗೆಯೇ ಅದರ ಮುಂದೆ ಕೈ ಮುಗಿದು ನಿಂತಿದ್ದರು. "ರಾಮದೇವರನ್ನ ಹೊಳೆ ದಾಟಿಸಿದೋನು ಕಣೇ ಇವನು. ಈ ದೇಶದವರೂ ಇಟ್ಕೊಂಡಿದಾರೆ ನೋಡು," ಅಂದರು. ಅವತ್ತಿಂದ ಫ್ರೇಮಿಗೆ ಕುಂಕುಮ, ದಿನಾ ಒಂದೇ ಬೇಡಿಕೆ: "ನನ್ನ ಮಗನ್ನ ದಡ ಸೇರಿಸಪ್ಪಾ." ಕೂತು ಅಳೋದಕ್ಕಿಂತ ಇದೇ ವಾಸಿ ಅಂತ ನಾನೂ ಸುಮ್ಮನಿದ್ದೆ.

ರೇಡಿಯೇಟರ್ ಕೆಟ್ಟಾಗ ಓನರ್ ಬಂದಳು. ಕಾಫಿ ಕೊಟ್ಟೆ. ಕುಂಕುಮ ಕಂಡು ಬೈತಾಳೇನೋ ಅಂದುಕೊಂಡರೆ, ಖುಷಿಯಾಗಿ ವಿವರಿಸೋಕೆ ಶುರು ಮಾಡಿದಳು. ನೂರು ವರ್ಷದ ಹಿಂದೆ ಅವಳ ಅಜ್ಜ ಜರ್ಮನಿಯಿಂದ ತಂದದ್ದಂತೆ. ತಾಮ್ರದ ತಗಡಿನ ಮೇಲೆ ಸೂಜಿಯಲ್ಲಿ ಗೀರಿ, ಮಸಿ ತುಂಬಿ ಅಚ್ಚು ತೆಗೆದದ್ದು. ಗೀರಿದಾಗ ಏಳುವ ಅಂಚಿಗೆ ಮಸಿ ಹತ್ತಿಕೊಂಡು ಗೆರೆಗಳು ಹೀಗೆ ಮಂಕಾಗಿ ಹರಡುತ್ತವಂತೆ. ಕತೆ ಗ್ರೀಕರ ಪುರಾಣದ್ದು. "ಸತ್ತವರನ್ನು ಆಚೆ ದಡಕ್ಕೆ ಸಾಗಿಸುವ ಅಂಬಿಗ," ಅಂದು ಬಿಸ್ಕತ್ತು ಅದ್ದಿಕೊಂಡಳು.

ಅತ್ತೆಗೆ ಸ್ವೀಡಿಷ್ ಬಾರದು. "ಏನಂದ್ಳು?" ಅಂದರು.

"ಚೆನ್ನಾಗಿಟ್ಕೊಂಡಿದೀರ ಅಂದ್ಳು," ಅಂದೆ.

ಮಾರನೇ ದಿನ ಅವರು ಮತ್ತೆ "ದಡ ಸೇರಿಸಪ್ಪಾ" ಅಂದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಚಿತ್ರವನ್ನು ಕಿತ್ತು ಬೀರುವಿನ ಹಿಂದೆ ತುರುಕಿದೆ. "ಆ ಮಾತು ಇನ್ನೊಂದು ಸಲ ಆಡಬೇಡಿ," ಅಂತ ಕಿರುಚಿದೆ. ಯಾಕೆ ಅಂತ ಹೇಗೆ ಹೇಳಲಿ? ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದರು.

ರೂಮಿಂದ ಗಂಡ ಕರೆದ. ಅವನ ಸ್ವೀಡಿಷ್ ನನ್ನದಕ್ಕಿಂತ ಚೆನ್ನ. ಓನರ್ ಹೇಳಿದ್ದೆಲ್ಲ ಮಲಗಿದ್ದಲ್ಲೇ ಕೇಳಿಸಿಕೊಂಡಿದ್ದ.

"ಮತ್ತೆ ಹಾಕು ಅದನ್ನ."

"ಹಾಕಲ್ಲ. ನಿಮ್ಮಮ್ಮ ಏನು ಬೇಡ್ಕೋತಿದಾರೆ ಗೊತ್ತಾ ನಿಂಗೆ?"

"ಗೊತ್ತು. ಬೇಡ್ಕೊಳ್ಳಲಿ ಬಿಡು," ಅಂದ. "ಮುಂದಿನ ಕೀಮೋಗೆ ನಾನು ಬರಲ್ಲ ಕಣೇ. ನಂಗೆ ಸಾಕಾಗಿದೆ."

ಅವತ್ತು ಅವನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಚಿತ್ರವನ್ನು ತಂದು ಮೊಳೆಗೆ ಸಿಕ್ಕಿಸಿದೆ. ಅಡುಗೆಮನೆ ಬಾಗಿಲಲ್ಲಿ ನಿಂತು, "ಬನ್ನಿ ಅತ್ತೆ, ಕೈ ಮುಗೀರಿ," ಅಂದೆ.